ಕೊನೆಗೆ ಬರುವ ಕಂಬಿ: ಡೈಕಿ ಹಶಿಮೊಟೊ ಬಗ್ಗೆ ಓದುಗರ ಪ್ರಶ್ನೆಗಳು

ಜಪಾನಿನ ಜಿಮ್ನಾಸ್ಟ್ ಡೈಕಿ ಹಶಿಮೊಟೊ 2025ರ ಅಕ್ಟೋಬರಿನಲ್ಲಿ ಜಕಾರ್ತಾದಲ್ಲಿ ಮೂರನೇ ಸಲ ವಿಶ್ವ ಆಲ್‌ರೌಂಡ್ (ಆರೂ ಸಾಧನಗಳ ಅಂಕ ಕೂಡಿಸಿ ನೋಡುವ ಸ್ಪರ್ಧೆ) ಚಿನ್ನ ಗೆದ್ದರು. ಅವರ ಬಗ್ಗೆ ಓದುಗರು ಕೇಳಿದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಟೋಕಿಯೊ ಒಲಿಂಪಿಕ್ಸ್‌ಗೆ ಮೊದಲು ಹಶಿಮೊಟೊ ಹೆಸರನ್ನೇ ನಾನು ಕೇಳಿರಲಿಲ್ಲ. ಅವರು ಅಷ್ಟು ಬೇಗ ಹೇಗೆ ಮೇಲೆ ಬಂದರು?

ಉತ್ತರ: ಹೊರಗಿನವರಿಗೆ ಬೇಗ ಅನಿಸಿತು, ಅಷ್ಟೇ. ಹಶಿಮೊಟೊ ಹುಟ್ಟಿದ್ದು 2001ರ ಆಗಸ್ಟ್ 7ರಂದು, ಚಿಬಾ ಪ್ರಾಂತ್ಯದ ನರಿತಾದಲ್ಲಿ. ಮನೆಯಲ್ಲಿ ಮೂವರು ಗಂಡುಮಕ್ಕಳು, ಇವರೇ ಕಿರಿಯರು. ಅಣ್ಣಂದಿರಿಬ್ಬರೂ ಜಿಮ್ನಾಸ್ಟಿಕ್ಸ್‌ನಲ್ಲಿದ್ದರು. ಅವರ ಹಿಂದೆಯೇ ಆರನೇ ವಯಸ್ಸಿನಲ್ಲಿ ಇವರೂ ಸವಾರಾ ಜೂನಿಯರ್ ಕ್ಲಬ್ ಸೇರಿದರು. ಮುಂದೆ ಫುನಾಬಾಶಿ ನಗರದ ಮುನಿಸಿಪಲ್ ಹೈಸ್ಕೂಲು. ಅಲ್ಲಿ ಓದುತ್ತಿರುವಾಗಲೇ, 2019ರಲ್ಲಿ, ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ಗೆ ಜಪಾನ್ ತಂಡದಲ್ಲಿ ಸ್ಥಾನ ಸಿಕ್ಕಿತು. ಹೈಸ್ಕೂಲು ಹುಡುಗನೊಬ್ಬ ಜಪಾನಿನ ಪುರುಷರ ತಂಡಕ್ಕೆ ಬರುವುದು ಅಪರೂಪ. ಅವರಿಗಿಂತ ಮೊದಲು ಹಾಗೆ ಬಂದವರು ಫ್ಲೋರ್ ಮೇಲೆ ನಾಲ್ಕು ಸುತ್ತು ತಿರುಗುವ ಲಾಗಕ್ಕೆ ತಮ್ಮ ಹೆಸರು ಕೊಟ್ಟ ಕೆಂಜೊ ಶಿರಾಯಿ ಮಾತ್ರ. ಸ್ಟುಟ್‌ಗಾರ್ಟ್‌ನಲ್ಲಿ ಜಪಾನಿಗೆ ತಂಡದ ಕಂಚು ಬಂತು.

2020ರಲ್ಲಿ ಹಶಿಮೊಟೊ ಜುಂಟೆಂಡೊ ವಿಶ್ವವಿದ್ಯಾಲಯ ಸೇರಿದರು. ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಯಿತು. 2021ರ ಏಪ್ರಿಲ್‌ನ ಅಖಿಲ ಜಪಾನ್ ಚಾಂಪಿಯನ್‌ಷಿಪ್‌ನಲ್ಲಿ ಅರ್ಹತಾ ಸುತ್ತಿನ ಕೊನೆಗೆ ಅವರು ಏಳನೆಯವರು. ಫೈನಲ್ ಮುಗಿದಾಗ ಮೊದಲನೆಯವರು. ಟೋಕಿಯೊದಲ್ಲಿ ಜಗತ್ತು ಕಂಡದ್ದು ಇದನ್ನೇ: ಹಿಂದೆ ಬಿದ್ದಿದ್ದರೂ ಕೊನೆಯ ಸಾಧನದಲ್ಲಿ ಎದ್ದು ಬರುವುದು.

ಪ್ರಶ್ನೆ: ಟೋಕಿಯೊ ಆಲ್‌ರೌಂಡ್ ಫೈನಲ್‌ನಲ್ಲಿ ವಾಲ್ಟ್ (ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವುದು) ಮುಗಿಸಿ ಇಳಿದಾಗ ಅವರ ಕಾಲು ಮ್ಯಾಟ್‌ನಿಂದ ಆಚೆ ಹೋಗಿತ್ತು. ಆದರೂ 14.700 ಕೊಟ್ಟರು. ಇದು ನ್ಯಾಯವೇ? ಚೀನಾದ ಕ್ಸಿಯಾವೊ ರುವೊಟೆಂಗ್‌ಗೆ ಚಿನ್ನ ಸಿಗಬೇಕಿತ್ತಲ್ಲವೇ?

ಉತ್ತರ: ಈ ಪ್ರಶ್ನೆ ಆಗಿನಿಂದ ಈಗಿನವರೆಗೂ ಬರುತ್ತಲೇ ಇದೆ. ಲೆಕ್ಕವನ್ನು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ.

ಜಿಮ್ನಾಸ್ಟಿಕ್ಸ್ ಅಂಕದಲ್ಲಿ ಎರಡು ಭಾಗ. ಮೊದಲನೆಯದು ಡಿ ಅಂಕ: ಮಾಡಿದ ಕಸರತ್ತು ಎಷ್ಟು ಕಷ್ಟದ್ದು ಎಂಬುದಕ್ಕೆ. ಎರಡನೆಯದು ಇ ಅಂಕ: ಎಷ್ಟು ಅಚ್ಚುಕಟ್ಟಾಗಿ ಮಾಡಿದರು ಎಂಬುದಕ್ಕೆ. ಇದು 10ರಿಂದ ಶುರುವಾಗಿ ಇಳಿಯುತ್ತ ಹೋಗುತ್ತದೆ. ಸಣ್ಣ ತಪ್ಪಿಗೆ 0.1, ಮಧ್ಯಮ ತಪ್ಪಿಗೆ 0.3, ದೊಡ್ಡದಕ್ಕೆ 0.5, ಬಿದ್ದರೆ 1.0 ಕಡಿತ. ವಾಲ್ಟ್‌ನಲ್ಲಿ ಇಳಿಯುವಾಗ ದೊಡ್ಡ ಹೆಜ್ಜೆ ಇಟ್ಟರೆ 0.3 ಹೋಗುತ್ತದೆ. ಒಂದು ಪಾದ ಗೆರೆ ದಾಟಿದರೆ ಒಟ್ಟು ಅಂಕದಿಂದ ಪ್ರತ್ಯೇಕವಾಗಿ 0.1 ಹೋಗುತ್ತದೆ, ಎರಡೂ ಪಾದ ದಾಟಿದರೆ 0.3. ಟಿವಿ ಮುಂದೆ ಕೂತವರಿಗೆ ಮ್ಯಾಟ್‌ನಿಂದ ಆಚೆ ಹೋದ ಕಾಲು ಬಿದ್ದಷ್ಟೇ ದೊಡ್ಡ ತಪ್ಪಾಗಿ ಕಾಣುತ್ತದೆ. ನಿಯಮದ ಕಣ್ಣಿಗೆ ಅದು ಬೀಳುವುದರ ಹತ್ತನೇ ಒಂದು ಭಾಗ. ಗಾಳಿಯಲ್ಲಿ ಮೈ ನೆಟ್ಟಗಿತ್ತು, ಕಾಲುಗಳು ಜೋಡಿಯಾಗಿದ್ದವು, ಎತ್ತರ ಸಾಕಷ್ಟಿತ್ತು. ಹಾಗಾಗಿ ಉಳಿದ ಅಂಕ ಉಳಿಯಿತು. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್ ಆಮೇಲೆ ಕಡಿತಗಳ ವಿವರ ಕೊಟ್ಟು, ತೀರ್ಪು ಸರಿಯಾಗಿಯೇ ಇದೆ ಎಂದಿತು.

ಇನ್ನು ಕ್ಸಿಯಾವೊ ವಿಷಯ. ಹೈಬಾರ್, ಅಂದರೆ ಎತ್ತರದ ಅಡ್ಡ ಕಂಬಿ, ಮುಗಿಸಿದ ಮೇಲೆ ತೀರ್ಪುಗಾರರಿಗೆ ವಂದಿಸಲಿಲ್ಲವೆಂದು ಅವರಿಗೆ 0.3 ಕಡಿತವಾಯಿತು. ಅಂತಿಮ ಅಂಕ ಹಶಿಮೊಟೊ 88.465, ಕ್ಸಿಯಾವೊ 88.065, ರಷ್ಯಾದ ನಿಕಿತಾ ನಗೋರ್ನಿ 88.031. ಆ 0.3 ವಾಪಸ್ ಕೊಟ್ಟರೂ ಕ್ಸಿಯಾವೊ 88.365ಕ್ಕೆ ಬರುತ್ತಾರೆ. ಆಗಲೂ 0.100 ಹಿಂದೆಯೇ. ಕೊನೆಯ ಸುತ್ತಿಗೆ ಮೊದಲು ಹಿಂದಿದ್ದ ಹಶಿಮೊಟೊ ಹೈಬಾರ್‌ನಲ್ಲಿ 14.933 ಪಡೆದು ಮುಂದೆ ಹೋದರು. ಚಿನ್ನ ನಿರ್ಧಾರವಾದದ್ದು ಅಲ್ಲಿ, ವಾಲ್ಟ್‌ನಲ್ಲಿ ಅಲ್ಲ. ಆಗ ಅವರಿಗೆ 19 ವರ್ಷ. ಒಲಿಂಪಿಕ್ಸ್ ಪುರುಷರ ಆಲ್‌ರೌಂಡ್ ಗೆದ್ದವರಲ್ಲಿ ಅವರೇ ಅತಿ ಕಿರಿಯರು. ಆರು ದಿನಗಳ ನಂತರ ಹೈಬಾರ್ ಫೈನಲ್‌ನಲ್ಲೂ 15.066ರೊಂದಿಗೆ ಚಿನ್ನ ಗೆದ್ದರು. ಆ ಹುಡುಗನ ಮೇಲೆ ಜಾಲತಾಣಗಳಲ್ಲಿ ಸುರಿದ ಬೈಗುಳಕ್ಕೆ ಯಾವ ನಿಯಮದ ಆಧಾರವೂ ಇರಲಿಲ್ಲ.

ಪ್ರಶ್ನೆ: ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 0.017 ಅಂಕದಲ್ಲಿ ಸೋತರಂತೆ. ಅಷ್ಟು ಸಣ್ಣ ಅಂತರ ಹೇಗೆ ಬರುತ್ತದೆ? ಕಡಿತವೇ 0.1 ಎಂದಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ. ಇ ಅಂಕವನ್ನು ಒಬ್ಬರೇ ಕೊಡುವುದಿಲ್ಲ. ಹಲವು ತೀರ್ಪುಗಾರರು ಬೇರೆ ಬೇರೆಯಾಗಿ ಕಡಿತ ಬರೆಯುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಕೈಬಿಟ್ಟು ನಡುವಿನ ಮೂರರ ಸರಾಸರಿ ತೆಗೆಯುತ್ತಾರೆ. ಆ ಮೂವರಲ್ಲಿ ಒಬ್ಬರ ಅಂಕ 0.1 ಬದಲಾದರೆ ಸರಾಸರಿ ಮೂರರಲ್ಲಿ ಒಂದು ಪಾಲು, ಅಂದರೆ 0.033 ಬದಲಾಗುತ್ತದೆ. 2021ರ ಅಕ್ಟೋಬರಿನಲ್ಲಿ ಕಿತಾಕ್ಯೂಶುವಿನಲ್ಲಿ ಚೀನಾದ ಜಾಂಗ್ ಬೊಹೆಂಗ್ 87.981, ಹಶಿಮೊಟೊ 87.964. ಆರು ಸಾಧನಗಳಲ್ಲಿ ಯಾವುದಾದರೂ ಒಂದರಲ್ಲಿ, ಒಬ್ಬ ತೀರ್ಪುಗಾರರಿಗೆ ಒಂದು ಮೊಣಕಾಲು ಸ್ವಲ್ಪ ಮಡಚಿದ್ದು ಕಾಣದೇ ಹೋಗಿದ್ದರೂ ಫಲಿತಾಂಶ ತಿರುಗುಮುರುಗಾಗುತ್ತಿತ್ತು. ತಾಯ್ನೆಲದಲ್ಲೇ ಹೀಗಾಯಿತು. ಅಲ್ಲಿ ಹೈಬಾರ್‌ನಲ್ಲೂ ಅವರಿಗೆ ಬೆಳ್ಳಿಯೇ ಬಂತು.

ಮರುವರ್ಷ ಲಿವರ್‌ಪೂಲ್‌ನಲ್ಲಿ ಅವರು 87.198 ಗಳಿಸಿ ಅದೇ ಜಾಂಗ್ ಅವರನ್ನು ಎರಡನೇ ಸ್ಥಾನಕ್ಕೆ ತಳ್ಳಿದರು. 2023ರಲ್ಲಿ ಆಂಟ್‌ವರ್ಪ್‌ನಲ್ಲಿ ಆಲ್‌ರೌಂಡ್, ತಂಡ, ಹೈಬಾರ್ ಮೂರರಲ್ಲೂ ಚಿನ್ನ.

ಪ್ರಶ್ನೆ: ಪ್ರತಿ ಸಲ ಹೈಬಾರ್ ಕೊನೆಗೇ ಬರುವುದು ಕಾಕತಾಳೀಯವೇ? ಕಂಬಿ ಬಿಟ್ಟು ಗಾಳಿಯಲ್ಲಿ ಲಾಗ ಹಾಕಿ ಮತ್ತೆ ಅದನ್ನೇ ಹಿಡಿಯುವುದು ಹೇಗೆ?

ಉತ್ತರ: ಕಾಕತಾಳೀಯವಲ್ಲ. ಪುರುಷರ ಆರು ಸಾಧನಗಳಿಗೆ ನಿಶ್ಚಿತ ಕ್ರಮವಿದೆ: ಫ್ಲೋರ್, ಪಾಮೆಲ್ ಹಾರ್ಸ್ (ಮೇಲೆ ಎರಡು ಹಿಡಿಕೆಗಳಿರುವ ಸಾಧನ), ರಿಂಗ್ಸ್, ವಾಲ್ಟ್, ಪ್ಯಾರಲಲ್ ಬಾರ್, ಹೈಬಾರ್. ಆಲ್‌ರೌಂಡ್ ಫೈನಲ್‌ನ 24 ಜನರಲ್ಲಿ ಅರ್ಹತಾ ಸುತ್ತಿನ ಮೊದಲ ಆರು ಮಂದಿ ಒಂದೇ ಗುಂಪಿನಲ್ಲಿ ಫ್ಲೋರ್‌ನಿಂದ ಶುರು ಮಾಡುತ್ತಾರೆ. ಹಾಗಾಗಿ ಚೆನ್ನಾಗಿ ಆಡಿ ಬಂದವರ ಕೊನೆಯ ಸಾಧನ ಹೈಬಾರ್ ಆಗಿರುತ್ತದೆ. ಹಶಿಮೊಟೊ ಅವರ ಅತ್ಯುತ್ತಮ ಸಾಧನವೂ ಅದೇ. ಎದುರಾಳಿ ಅರ್ಧ ಅಂಕ ಮುಂದಿದ್ದರೂ ನಿಶ್ಚಿಂತೆಯಿಂದ ಇರುವಂತಿಲ್ಲ.

ಕಂಬಿ ನೆಲದಿಂದ 2.80 ಮೀಟರ್ ಎತ್ತರದಲ್ಲಿರುತ್ತದೆ. 20 ಸೆಂಟಿಮೀಟರ್ ದಪ್ಪದ ಮ್ಯಾಟ್ ಕಳೆದರೆ 2.60. ಉದ್ದ 2.40 ಮೀಟರ್, ದಪ್ಪ 28 ಮಿಲಿಮೀಟರ್. ಅದು ಬಾಗಿ ಮತ್ತೆ ನೆಟ್ಟಗಾಗುವ ಉಕ್ಕು. ಆ ಬಾಗುವಿಕೆಯೇ ಜಿಮ್ನಾಸ್ಟ್‌ಗೆ ಬಂಡವಾಳ.

ಕೋವಾಕ್ಸ್ ಎಂಬ ಹಾರಾಟವನ್ನೇ ನೋಡಿ. ಜಿಮ್ನಾಸ್ಟ್ ಹಿಂಬದಿಗೆ ಪೂರ್ತಿ ಸುತ್ತು ಹೊಡೆಯುತ್ತ ವೇಗ ಕೂಡಿಸುತ್ತಾರೆ. ಕಂಬಿಯ ನೇರ ಕೆಳಗೆ ಬರುವ ಹೊತ್ತಿಗೆ ಮೈಯನ್ನು ಬಿಲ್ಲಿನಂತೆ ಬಾಗಿಸಿ, ತಕ್ಷಣ ಕಾಲುಗಳನ್ನು ಮುಂದಕ್ಕೆ ಜಾಡಿಸುತ್ತಾರೆ. ಕಂಬಿ ಬಾಗಿ ಮತ್ತೆ ಚಿಮ್ಮುತ್ತದೆ. ಮುಂಬದಿಯಲ್ಲಿ ಮೇಲೇರುತ್ತ, ಪಾದಗಳು ಕಂಬಿಯ ಮಟ್ಟ ದಾಟಿದ ಮೇಲೆ ಕೈಬಿಟ್ಟು, ಹಿಮ್ಮುಖವಾಗಿ ಎರಡು ಲಾಗ ಹಾಕಿ, ಕಂಬಿಯ ಮೇಲಿಂದ ದಾಟಿ ಆಚೆ ಬದಿಯಲ್ಲಿ ಹಿಡಿಯುತ್ತಾರೆ. ಮಂಡಿ ಮಡಚಿ ಮಾಡಿದರೆ ಅದು ಡಿ ದರ್ಜೆಯ ಕಸರತ್ತು, ಬೆಲೆ 0.4. ಅದಕ್ಕೇ ಒಂದು ಪೂರ್ತಿ ತಿರುಗು ಸೇರಿಸಿದರೆ ಕೋಲ್ಮನ್, 0.6. ಮೈ ನೆಟ್ಟಗಿಟ್ಟು ತಿರುಗಿದರೆ ಕಾಸಿನಾ, 0.7. ನೆಟ್ಟಗಿನ ಮೈಯಲ್ಲಿ ಎರಡು ತಿರುಗು ಹಾಕಿದರೆ ಅದು ಜಪಾನಿನ ಹಿದೆತಾಕ ಮಿಯಾಚಿ ಹೆಸರಿನ ಹಾರಾಟ, 0.9.

ತಪ್ಪುವುದೆಲ್ಲ ಕೈಬಿಡುವ ಗಳಿಗೆಯಲ್ಲಿ. ತುಸು ಬೇಗ ಬಿಟ್ಟರೆ ವೇಗ ಮುಂದಕ್ಕೆ ಎಳೆಯುತ್ತದೆ. ಮೈ ಕಂಬಿ ದಾಟದೆ ಅದರ ಮೇಲೇ ಬೀಳುವ ಅಪಾಯವಿದೆ. ಎಲ್ಲಕ್ಕಿಂತ ಕೆಟ್ಟದ್ದು ಇದೇ. ತಡವಾಗಿ ಬಿಟ್ಟರೆ ಎತ್ತರ ಸಿಗುವುದಿಲ್ಲ, ಮೈ ಹಿಂದಕ್ಕೆ ಬಹಳ ದೂರ ಹೋಗುತ್ತದೆ. ಬೆರಳ ತುದಿಗೆ ಕಂಬಿ ತಾಗಿ ಜಾರುವುದು ಆಗಲೇ. ಮೂರನೆಯದು ಬಿಡುವುದು ಸರಿಯಾಗಿದ್ದೂ ಕಂಬಿಗೆ ತೀರಾ ಹತ್ತಿರ ಬರುವುದು. ಆಗ ಮೊಣಕೈ ಮಡಚಿ ಹಿಡಿಯಬೇಕಾಗುತ್ತದೆ, ಬೀಳದಿದ್ದರೂ ಅಂಕ ಹೋಗುತ್ತದೆ. ಹಶಿಮೊಟೊ ಅವರ ಹೈಬಾರ್ ಮತ್ತೆ ನೋಡುವಾಗ ಹಾರಾಟವನ್ನಲ್ಲ, ಹಿಡಿದ ಕೂಡಲೇ ಮೊಣಕೈ ಹೇಗಿದೆ ಎಂದು ಗಮನಿಸಿ. ತೋಳು ನೆಟ್ಟಗಿದ್ದು ಮುಂದಿನ ಸುತ್ತು ತಡೆಯಿಲ್ಲದೆ ಹೊರಟಿತೆಂದರೆ ಅದು ಶುದ್ಧವಾದ ಹಿಡಿತ.

ಪ್ರಶ್ನೆ: ಪ್ಯಾರಿಸ್‌ನಲ್ಲಿ ಏನಾಯಿತು? ಆಲ್‌ರೌಂಡ್‌ನಲ್ಲಿ ಆರನೆಯವರಾದರಲ್ಲ.

ಉತ್ತರ: 2024ರ ಮೇ ತಿಂಗಳಲ್ಲಿ ಅವರ ಬಲಗೈ ನಡುಬೆರಳಿಗೆ ಪೆಟ್ಟಾಯಿತು. ಜಪಾನಿನ ಆಯ್ಕೆ ಸ್ಪರ್ಧೆಯಾದ ಎನ್‌ಎಚ್‌ಕೆ ಕಪ್‌ನಿಂದ ಹಿಂದೆ ಸರಿಯಬೇಕಾಯಿತು. ಪ್ಯಾರಿಸ್‌ನಲ್ಲಿ ತಂಡದ ಫೈನಲ್ ಮತ್ತು ಆಲ್‌ರೌಂಡ್ ಫೈನಲ್ ಎರಡರಲ್ಲೂ ಪಾಮೆಲ್ ಹಾರ್ಸ್‌ನಿಂದ ಬಿದ್ದರು. ಅಲ್ಲಿ ಎರಡೂ ಕಾಲು ಜೋಡಿಸಿ ಸುತ್ತು ಹೊಡೆಯುವಾಗ ಭಾರ ಒಂದು ಕೈಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರಬೇಕು. ಕೈ ಊರುವುದು ಕೂದಲೆಳೆಯಷ್ಟು ತಪ್ಪಿದರೂ ಸೊಂಟ ಕುಸಿಯುತ್ತದೆ, ತೊಡೆ ಹಿಡಿಕೆಗೆ ತಾಗುತ್ತದೆ, ಲಯ ಸತ್ತು ಹೋಗುತ್ತದೆ. ಕೆಳಗಿಳಿದರೆ 1.0 ಕಡಿತ, ಜೊತೆಗೆ ಅರ್ಧಕ್ಕೆ ನಿಂತ ಕಸರತ್ತಿಗೆ ಬೆಲೆಯೂ ಸಿಗುವುದಿಲ್ಲ. ಪದಕದ ಪೈಪೋಟಿಯಲ್ಲಿ ಅಷ್ಟು ನಷ್ಟ ತುಂಬುವುದು ಕಷ್ಟ.

ಆದರೆ ತಂಡದ ಫೈನಲ್ ನೋಡದೆ ಪ್ಯಾರಿಸ್ ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಅಲ್ಲಿ ಪ್ರತಿ ಸಾಧನಕ್ಕೆ ಮೂವರು, ಮೂವರ ಅಂಕವೂ ಲೆಕ್ಕಕ್ಕೆ. ಕೆಟ್ಟದ್ದನ್ನು ಬಿಡುವ ಅವಕಾಶವೇ ಇಲ್ಲ. ಕೊನೆಯ ಸುತ್ತಿಗೆ ಬಂದಾಗ ಚೀನಾ 3.267 ಅಂಕ ಮುಂದಿತ್ತು. ಹೈಬಾರ್‌ನಲ್ಲಿ ಚೀನಾದ ಸು ವೇಯ್ಡೆ ಎರಡು ಸಲ ಬಿದ್ದರು. ಜಪಾನಿನ ಮೂವರಲ್ಲಿ ಕೊನೆಯವರಾಗಿ ಬಂದ ಹಶಿಮೊಟೊ 14.566 ಗಳಿಸಿದರು. ಇಳಿದು ನಿಂತ ಕೂಡಲೇ ಸಭಾಂಗಣ ಕೂಗಿನಲ್ಲಿ ಮುಳುಗಿತು. ಅವರು ತುಟಿಯ ಮೇಲೆ ಬೆರಳಿಟ್ಟು ಜನರನ್ನು ಸುಮ್ಮನಿರಲು ಕೇಳಿಕೊಂಡರು, ಏಕೆಂದರೆ ಮುಂದೆ ಕಂಬಿ ಹಿಡಿಯಬೇಕಿದ್ದವರು ಜಾಂಗ್ ಬೊಹೆಂಗ್. ಚಿನ್ನವೇ ಪಣಕ್ಕಿದ್ದ ಗಳಿಗೆಯಲ್ಲಿ ಎದುರಾಳಿಯ ಏಕಾಗ್ರತೆ ಕೆಡಬಾರದೆಂಬ ಆ ಕಾಳಜಿಯನ್ನು ನಾವು ಅವರ ಯಾವ ಪದಕಕ್ಕೂ ಕಡಿಮೆಯೆಂದು ಎಣಿಸುವುದಿಲ್ಲ. ಜಪಾನ್ 259.594, ಚೀನಾ 259.062. ಟೋಕಿಯೊದಲ್ಲಿ ರಷ್ಯನ್ನರ ಎದುರು 0.103ರಲ್ಲಿ ಕೈತಪ್ಪಿದ್ದ ತಂಡದ ಚಿನ್ನ ಹೀಗೆ ಬಂತು.

ಪ್ರಶ್ನೆ: ಪ್ಯಾರಿಸ್‌ನಲ್ಲಿ ಆಲ್‌ರೌಂಡ್ ಗೆದ್ದ ಶಿನ್ನೊಸುಕೆ ಓಕಾ ಯಾರು? ಅವರ ಶೈಲಿ ಬೇರೆಯೇ?

ಉತ್ತರ: ಬೇರೆ. ಓಕಾ 2003ರ ಅಕ್ಟೋಬರ್ 31ರಂದು ಒಕಾಯಾಮಾದಲ್ಲಿ ಹುಟ್ಟಿದವರು. 2019ರಲ್ಲಿ ಹಂಗೇರಿಯ ಗ್ಯೋರ್‌ನಲ್ಲಿ ನಡೆದ ಮೊಟ್ಟಮೊದಲ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನ ಆಲ್‌ರೌಂಡ್ ವಿಜೇತರು. 2022ರಲ್ಲಿ ಬಲ ಮೊಣಕಾಲಿನ ಮುಖ್ಯ ಅಸ್ಥಿರಜ್ಜು ಹರಿಯಿತು. ಇಳಿಯುವಾಗಿನ ಪೆಟ್ಟೆಲ್ಲ ಮೊಣಕಾಲಿಗೇ ಬೀಳುವ ಈ ಆಟದಲ್ಲಿ ಅಂಥ ಗಾಯದಿಂದ ಎದ್ದು ಬರುವುದು ದೊಡ್ಡ ಮಾತು. ಎರಡೇ ವರ್ಷದಲ್ಲಿ ಪ್ಯಾರಿಸ್‌ನಲ್ಲಿ 86.832 ಗಳಿಸಿ ಜಾಂಗ್ ಅವರನ್ನು 0.233ರಲ್ಲಿ ಹಿಂದಿಕ್ಕಿದರು. ಹೈಬಾರ್ ಫೈನಲ್‌ನಲ್ಲಿ ಅವರೂ ಕೊಲಂಬಿಯಾದ ಆಂಹೆಲ್ ಬರಾಹಾಸ್ ಅವರೂ 14.533ರಲ್ಲಿ ಸಮ. ಸಮವಾದಾಗ ಇ ಅಂಕ ಹೆಚ್ಚಿದ್ದವರು ಮೇಲೆ. ಬರಾಹಾಸ್ ಹೆಚ್ಚು ಕಷ್ಟದ್ದನ್ನು ಮಾಡಿದ್ದರು, ಓಕಾ ಹೆಚ್ಚು ಶುದ್ಧವಾಗಿ. ಚಿನ್ನ ಓಕಾಗೆ. ಜಪಾನಿನ ಕೋಚುಗಳು ಮಕ್ಕಳಿಗೆ ಕಾಲ್ಬೆರಳ ತುದಿವರೆಗೂ ಮೈ ನೆಟ್ಟಗಿಡಲು ಹೇಳಿಕೊಡುವುದರ ಫಲ ಇಂಥ ಕಡೆ ಕಾಣುತ್ತದೆ.

ಪ್ರಶ್ನೆ: ನಿಯಮ ಬದಲಾಗಿದೆ ಎನ್ನುತ್ತಾರೆ. ಅದರಿಂದ ಹಶಿಮೊಟೊಗೆ ಲಾಭವೋ ನಷ್ಟವೋ?

ಉತ್ತರ: ಪ್ಯಾರಿಸ್‌ವರೆಗೆ ಪುರುಷರ ಒಂದು ಪ್ರದರ್ಶನದಲ್ಲಿ 10 ಕಸರತ್ತುಗಳು ಲೆಕ್ಕಕ್ಕೆ ಬರುತ್ತಿದ್ದವು. 2025ರಿಂದ ಎಂಟೇ. ಹಾಗಾಗಿ ಒಟ್ಟು ಅಂಕವೇ ಇಳಿದಿದೆ. ಜಕಾರ್ತಾದ 85.131 ಮತ್ತು ಟೋಕಿಯೊದ 88.465 ಪಕ್ಕಪಕ್ಕ ಇಟ್ಟು ಆಟ ಇಳಿದಿದೆ ಎನ್ನುವುದು ತಪ್ಪು. ಮಾಡುವ ಕಸರತ್ತು ಕಡಿಮೆಯಾದಷ್ಟೂ ಪ್ರತಿಯೊಂದರ ಶುದ್ಧತೆಗೆ ತೂಕ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಇದು ಜಪಾನಿಗೆ ಒಗ್ಗುವ ಬದಲಾವಣೆ. ಜಕಾರ್ತಾದಲ್ಲಿ ಎರಡನೆಯವರಾದ ಜಾಂಗ್ ಗಳಿಸಿದ್ದು 84.333.

ಪ್ರಶ್ನೆ: ಕೊಹೆಯಿ ಉಚಿಮುರಾ ಅವರ ಮಟ್ಟಕ್ಕೆ ಹಶಿಮೊಟೊ ಬರುತ್ತಾರೆಯೇ?

ಉತ್ತರ: ಉಚಿಮುರಾ ಆರು ವಿಶ್ವ ಆಲ್‌ರೌಂಡ್ ಚಿನ್ನ, ಎರಡು ಒಲಿಂಪಿಕ್ ಆಲ್‌ರೌಂಡ್ ಚಿನ್ನ ಗೆದ್ದವರು. 2009ರಿಂದ 2016ರವರೆಗೆ ಅವರನ್ನು ಯಾರೂ ಸೋಲಿಸಲಿಲ್ಲ. ಹಶಿಮೊಟೊ ಈಗ ಮೂರು ಮತ್ತು ಒಂದರಲ್ಲಿದ್ದಾರೆ, ನಡುವೆ ಸೋಲನ್ನೂ ಕಂಡಿದ್ದಾರೆ. ಸಂಖ್ಯೆಯಲ್ಲಿ ಹೋಲಿಕೆ ದೂರ. ಆದರೆ 2016ರ ರಿಯೊ ಫೈನಲ್ ನೆನಪಿಸಿಕೊಳ್ಳಿ. ಉಕ್ರೇನಿನ ಒಲೆಗ್ ವೆರ್ನ್ಯಾಯೆವ್ 0.901 ಮುಂದಿದ್ದರು, ಉಳಿದಿದ್ದದ್ದು ಹೈಬಾರ್ ಒಂದೇ. ಉಚಿಮುರಾ 15.800 ಪಡೆದು 0.099ರಲ್ಲಿ ಗೆದ್ದರು. ಆಗ ಅವರಿಗೆ 27 ವರ್ಷ. 2028ರ ಜುಲೈನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನಡೆಯುವಾಗ ಹಶಿಮೊಟೊಗೆ 26 ಇರುತ್ತದೆ, ಓಕಾಗೆ 24.