ಪಂಪ್‌ನ ಬುಡ ಮಾತ್ರ ಯಾಕೆ ಬಿಸಿ?

ಪ್ರಶ್ನೆ: ಮೇಡಂ, ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪ್ ಬಿಸಿಯಾಗುತ್ತದೆ. ಒಳಗೆ ವಾಷರ್ ಉಜ್ಜುವುದರಿಂದ ಹಾಗಾಗುತ್ತದೆ ಎನ್ನುತ್ತಾನೆ ಅಣ್ಣ. ಎಣ್ಣೆ ಬಿಟ್ಟು ನೋಡಿದೆ. ಹೊಡೆಯುವುದು ಸಲೀಸಾಯಿತು, ಬಿಸಿ ಮಾತ್ರ ಹಾಗೇ ಇದೆ. ಯಾಕೆ?

ಉತ್ತರ: ನಿಮ್ಮ ಅಣ್ಣನ ಉತ್ತರವನ್ನೇ ನಾನೂ ಕೊಟ್ಟಿದ್ದೆ, ಅದೂ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ. ಎದುರು ಕೂತವರು ತಪ್ಪು ಎನ್ನಲಿಲ್ಲ. "ಪಂಪ್‌ನ ಯಾವ ಜಾಗ ಜಾಸ್ತಿ ಬಿಸಿ?" ಎಂದರು. ನಾನು ಪೆಚ್ಚಾದೆ. ಅಷ್ಟು ವರ್ಷ ಗಾಳಿ ಹೊಡೆದಿದ್ದರೂ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ನೀವು ಮುಟ್ಟಿ ನೋಡಿ. ಮೂವತ್ತು ಸಲ ಬಿರುಸಾಗಿ ಹೊಡೆದು, ಮೇಲಿಂದ ಕೆಳಗೆ ಕೈಯಾಡಿಸಿ. ಮೇಲೆ ಹೆಚ್ಚುಕಮ್ಮಿ ತಣ್ಣಗಿರುತ್ತದೆ. ಪೈಪ್ ಸೇರುವ ಬುಡದಲ್ಲಿ ಚುರುಕ್ ಎನ್ನುತ್ತದೆ. ವಾಷರ್ ಉಜ್ಜುವುದು ಉದ್ದಕ್ಕೂ ಅಲ್ವಾ? ಬುಡದಲ್ಲಿ ಸೇರುವುದು ಅದುಮಿದ ಗಾಳಿ. ಇನ್ನೊಂದು ಸಲ, ಪೈಪನ್ನು ಟ್ಯೂಬಿಗೆ ಸಿಕ್ಕಿಸದೆ ಸುಮ್ನೆ ಅಷ್ಟೇ ಸಲ ಹೊಡೆಯಿರಿ. ಬಿಸಿ ಅಷ್ಟಕ್ಕಷ್ಟೆ. ಘರ್ಷಣೆಯ ಪಾಲು ಇಲ್ಲವೇ ಇಲ್ಲ ಎನ್ನಲಾರೆ, ಆದರೆ ಅದು ಚಿಕ್ಕ ಪಾಲು.

ಒಳಗೆ ಆಗುವುದು ಇಷ್ಟು. ಮುಂದೆ ಬರುತ್ತಿರುವ ಬ್ಯಾಟಿಗೆ ತಾಗಿದ ಚೆಂಡು ಬಂದದ್ದಕ್ಕಿಂತ ಜೋರಾಗಿ ಹಿಂದಿರುಗುತ್ತದೆ. ಮುನ್ನುಗ್ಗುವ ಪಿಸ್ಟನ್‌ಗೆ ತಾಗಿದ ಗಾಳಿಯ ಕಣಗಳದ್ದೂ ಅದೇ ಕತೆ. ಕಣಗಳ ಓಟ ಹೆಚ್ಚಿತೆಂದರೆ ಗಾಳಿ ಬಿಸಿಯಾಯಿತು ಎಂದೇ ಅರ್ಥ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಕಾಲು ಭಾಗಕ್ಕೆ ಥಟ್ಟನೆ ಅದುಮಿ, ಶಾಖ ಚೂರೂ ಹೊರಹೋಗದಂತೆ ತಡೆದರೆ, ಲೆಕ್ಕದಲ್ಲಿ ಸುಮಾರು 250 ಡಿಗ್ರಿ ಬರುತ್ತದೆ! ಪಂಪ್‌ನ ಲೋಹ ಆ ಶಾಖವನ್ನು ಕೂಡಲೇ ಹೀರಿಕೊಳ್ಳುತ್ತದೆ, ಅದಕ್ಕೇ ಕೈ ಸುಡುವುದಿಲ್ಲ. ಎಣ್ಣೆಯಿಂದ ಉಜ್ಜಾಟ ಕಮ್ಮಿಯಾಯಿತು, ಅದುಮುವುದು ಕಮ್ಮಿಯಾಗಲಿಲ್ಲ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲದಿರುವುದೂ ಇದರಿಂದಲೇ. ಗಾಳಿಯನ್ನು ಹದಿನೈದು, ಇಪ್ಪತ್ತು ಪಟ್ಟು ಅದುಮಿದರೆ ಸಾಕು, ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್‌ನ ಗುಟ್ಟು ನಿಮ್ಮ ಪಂಪ್‌ನ ಬುಡದಲ್ಲೇ ಇತ್ತು. ವೈವಾದಲ್ಲಿ ನನಗೆ ಹೊಳೆಯಬೇಕಿದ್ದದ್ದು ಇದು. ಹೊಳೆದದ್ದು ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ.

ಪ್ರಶ್ನೆ: ಬಿಗಿಯಾದ ಬೋಲ್ಟ್ ಬಿಚ್ಚಲು ಪಾನಾಕ್ಕೆ ಉದ್ದನೆಯ ಪೈಪ್ ಸಿಕ್ಕಿಸುತ್ತಾರೆ. ಬಿಗಿ ಮಾಡುವಾಗಲೂ ಹಾಗೆ ಮಾಡಬಹುದಾ?

ಉತ್ತರ: ಬೇಡ. 15 ಸೆಂಟಿಮೀಟರ್ ಪಾನಾದ ತುದಿಗೆ 20 ಕಿಲೋ ತೂಕದಷ್ಟು ಬಲ ಹಾಕಿದರೆ ಬೋಲ್ಟ್ ಮೇಲೆ ಸುಮಾರು 30 ನ್ಯೂಟನ್ ಮೀಟರ್ ತಿರುಚುಬಲ ಬೀಳುತ್ತದೆ. ತಲೆಯ ಮೇಲೆ 8.8 ಎಂದು (ಅದು ಗಟ್ಟಿತನದ ದರ್ಜೆ) ಬರೆದಿರುವ 8 ಮಿಲಿಮೀಟರ್ ದಪ್ಪದ ಬೋಲ್ಟ್‌ಗೆ ಬೇಕಾದದ್ದು ಹೆಚ್ಚುಕಮ್ಮಿ 25. ಅಂದರೆ ಬರೀ ಪಾನಾನೇ ಸಾಕು. ಪೈಪ್ ಹಾಕಿ 60 ಸೆಂಟಿಮೀಟರ್ ಮಾಡಿದರೆ ಅದೇ ಕೈ 120 ಕೊಡುತ್ತದೆ. ಕೈಗೆ ಮಾತ್ರ ವ್ಯತ್ಯಾಸವೇ ತಿಳಿಯುವುದಿಲ್ಲ. ವರ್ಕ್‌ಶಾಪ್‌ನಲ್ಲಿ ನಾನು "ಇನ್ನೊಂದು ಚೂರು" ಎಂದು ಎಳೆದಾಗ ಬೋಲ್ಟ್ ಮೊದಲು ಮೆತ್ತಗಾದಂತೆ ಅನ್ನಿಸಿತು, ಆಮೇಲೆ ಟಕ್. ತಲೆ ಪಾನಾದಲ್ಲಿ, ಮುಂಡ ಯಂತ್ರದೊಳಗೆ. ಅದನ್ನು ಡ್ರಿಲ್ ಮಾಡಿ ತೆಗೆಯಲು ಇಡೀ ಮಧ್ಯಾಹ್ನ ಹಿಡಿಯಿತು.