ಯು. ಆರ್. ರಾವ್ ಅವರ ನೆನಪಿಗೆ ಶಾಲೆಯಲ್ಲಿ ಭಾಷಣ ಇಡಬೇಕೋ, ರಸಪ್ರಶ್ನೆಯೋ?

ಇಸ್ರೋ ಅಧ್ಯಕ್ಷರಾಗಿದ್ದ ವಿಜ್ಞಾನಿ ರಾವ್ ಅವರ ನೆನಪಿಗೆ ನಿಮ್ಮ ಶಾಲೆಯಲ್ಲಿ ಯಾವುದನ್ನು ಇಡಬೇಕು ಅಂತ ಕೇಳಿದ್ದೀರಿ. ಮಕ್ಕಳಿಗೆ ಸ್ಫೂರ್ತಿ ಸಿಗಬೇಕು, ಸೋಲಿನ ಮಾತು ಬೇಡ ಅಂತಲೂ ಬರೆದಿದ್ದೀರಿ. ಆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. 2017ರಲ್ಲಿ ನಾನೂ ಹಾಗೇ ಯೋಚಿಸಿದ್ದೆ.

ರಾವ್ ಅವರು ತೀರಿಕೊಂಡದ್ದು ಆ ವರ್ಷ ಜುಲೈ 24, ಸೋಮವಾರ, ಬೆಂಗಳೂರಿನಲ್ಲಿ. 85 ವರ್ಷವಾಗಿತ್ತು. ಅದೇ ರಾತ್ರಿ ಭೌತವಿಜ್ಞಾನಿ ಪ್ರೊಫೆಸರ್ ಯಶ್ ಪಾಲ್ ಅವರೂ ಹೋದರು. ವಿಜ್ಞಾನ ಪಾಠ ಮಾಡುವ ನನಗೆ ಮನೆಯ ಇಬ್ಬರು ಹಿರಿಯರು ಒಟ್ಟಿಗೆ ಎದ್ದು ಹೋದ ಹಾಗಾಯಿತು. ರಾವ್ ಅವರನ್ನು ನಾನು ಹತ್ತಿರದಿಂದ ನೋಡಿದವನಲ್ಲ. ಆದರೆ ಚಿಕ್ಕಂದಿನಲ್ಲಿ ಎರಡು ರೂಪಾಯಿ ನೋಟಿನ ಹಿಂದೆ, ಅವರ ನೇತೃತ್ವದಲ್ಲಿ ತಯಾರಾದ ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟದ ಚಿತ್ರ ನೋಡಿಯೇ ನನಗೆ ವಿಜ್ಞಾನದ ಹುಚ್ಚು ಹಿಡಿದಿದ್ದು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಫೋಟೋಗೆ ಹಾರ ಹಾಕಿ ನಾನೇ ಮಾತಾಡಿದೆ. ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ್ದು, ನಮ್ಮ ಬಾಹ್ಯಾಕಾಶ ಕಾರ್ಯಕ್ರಮ ಶುರುಮಾಡಿದ ವಿಕ್ರಂ ಸಾರಾಭಾಯಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದ್ದು, ಅಮೆರಿಕದಲ್ಲಿ ಸಂಶೋಧನೆ, 1975ರ ಆರ್ಯಭಟ, ಹತ್ತು ವರ್ಷ ಇಸ್ರೋ ಅಧ್ಯಕ್ಷಗಿರಿ, ಪದ್ಮವಿಭೂಷಣ. ಒಂದು ನಿಮಿಷ ಮೌನ. ಮಕ್ಕಳು ತರಗತಿಗೆ ಹೋದರು.

ನಮ್ಮ ವಿಜ್ಞಾನ ಸಂಘದಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗಿ ರೇಡಿಯೋ ಜೋಡಿಸುತ್ತಿದ್ದಳು. ಸ್ಟೇಷನ್ ಸಿಗುತ್ತಿರಲಿಲ್ಲ. ಬೆಸುಗೆ ಬಿಚ್ಚುವುದು, ಮತ್ತೆ ಹಾಕುವುದು, ಅದೇ ಕೆಲಸ. ಆ ವಾರದಿಂದ ಅವಳು ಬರುವುದನ್ನು ಬಿಟ್ಟಳು. ಕರೆದು ಕೇಳಿದರೆ, "ಅಂಥವರಿಗೆ ಎಲ್ಲಾ ಮೊದಲ ಸಲಕ್ಕೇ ಬರುತ್ತೆ ಅಲ್ವಾ ಸರ್? ನನಗೆ ಬರ್ತಿಲ್ಲ" ಅಂದಳು. ಎಷ್ಟು ಹೇಳಿದರೂ ವಾಪಸ್ ಬರಲಿಲ್ಲ.

ಅವಳಿಗೆ ಹಾಗನ್ನಿಸಿದ್ದು ನನ್ನ ಮಾತಿನಿಂದ. ನಾನು ಸುಳ್ಳೇನೂ ಹೇಳಿರಲಿಲ್ಲ. ಹೇಳಿದ್ದೆಲ್ಲ ನಿಜ. ಆದರೆ ಗೆದ್ದ ದಿನಗಳನ್ನು ಮಾತ್ರ ಆರಿಸಿ ಸಾಲಾಗಿ ಜೋಡಿಸಿದ್ದೆ. ಅಂಥ ಎರಡು ದಿನಗಳ ನಡುವೆ ಏನಾಯಿತು ಅನ್ನುವುದನ್ನು ಬೇಕಂತಲೇ ಬಿಟ್ಟಿದ್ದೆ. ನನಗೆ ಗೊತ್ತಿಲ್ಲ ಅಂತಲ್ಲ, ಚೆನ್ನಾಗಿ ಗೊತ್ತಿತ್ತು. ಸಾವಿನ ಮರುದಿನ ಅದನ್ನೆಲ್ಲ ಆಡಿದರೆ ಅಗೌರವ ಅಂದುಕೊಂಡೆ. ಪ್ರಶಸ್ತಿ ಕೇಳಿದ ಮಗುವಿಗೆ ಪ್ರಶಸ್ತಿ ದೂರ ಅನ್ನಿಸುತ್ತದೆ, ಅಷ್ಟೇ. ಕೆಟ್ಟು ಕೂತ ಯಂತ್ರದ ಮುಂದೆ ರಾವ್ ಅವರೂ ನಿಂತಿದ್ದರು ಅಂತ ಕೇಳಿದ್ದರೆ ಆ ಹುಡುಗಿ ತನ್ನ ರೇಡಿಯೋ ಬಿಡುತ್ತಿರಲಿಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ನಾನು ಬಿಟ್ಟದ್ದು ಇಷ್ಟು. ಆರ್ಯಭಟ ತಯಾರಾಗಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಅದಕ್ಕೂ ಮೊದಲು ಉಪಗ್ರಹ ಕಟ್ಟಿದ ಅನುಭವ ನಮ್ಮ ದೇಶಕ್ಕೇ ಇರಲಿಲ್ಲ. ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಉಪಗ್ರಹದಿಂದ ಮಾಹಿತಿ ಪಡೆಯುವ ಕೋಣೆ ಮಾಡಿಕೊಂಡರು. ಏಪ್ರಿಲ್ 19ಕ್ಕೆ ಸೋವಿಯತ್ ರಾಕೆಟ್‌ನಲ್ಲಿ 360 ಕಿಲೋ ತೂಕದ ಆರ್ಯಭಟ ಮೇಲೆ ಹೋಯಿತು. ಐದನೇ ದಿನವೇ ಒಳಗಿನ ಪ್ರಯೋಗಗಳಿಗೆ ವಿದ್ಯುತ್ ಕೈಕೊಟ್ಟಿತು. ಪ್ರಯೋಗ ನಿಂತರೂ ಉಪಗ್ರಹದ ಜೊತೆ ಸಂಪರ್ಕ ಉಳಿಸಿಕೊಂಡು ಕಲಿಯುತ್ತಾ ಹೋದರು. ಮುಂದೆ 1981ರ ಸಂಪರ್ಕ ಉಪಗ್ರಹ ಆ್ಯಪಲ್. ಎತ್ತಿನ ಗಾಡಿಯ ಮೇಲೆ ಉಪಗ್ರಹ ಇಟ್ಟ ಫೋಟೋ ನೋಡಿರುತ್ತೀರಿ, ಅದೇ. ಬಡತನಕ್ಕೆ ಗಾಡಿ ತಂದರು ಅಂತ ಜನ ಹೇಳುವುದುಂಟು. ಅದು ತಪ್ಪು. ಆಂಟೆನಾ ಪರೀಕ್ಷೆಗೆ ಲೋಹದ ವಾಹನ ಅಡ್ಡಿಯಾಗುತ್ತಿತ್ತು, ಅದಕ್ಕೆ ಮರದ ಗಾಡಿ. ಆ್ಯಪಲ್ ಮೇಲೆ ಹೋದಾಗ ಒಂದು ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಆದರೂ ಅದನ್ನು ಎರಡು ವರ್ಷಕ್ಕೂ ಜಾಸ್ತಿ ದುಡಿಸಿದರು.

ಅವರು ಅಧ್ಯಕ್ಷರಾಗಿದ್ದಾಗ 1987ರಲ್ಲಿ ಎಎಸ್‌ಎಲ್‌ವಿ ರಾಕೆಟ್ ಬಿತ್ತು, ಮೊದಲ ಹಂತ ಹೊತ್ತಿಕೊಳ್ಳಲಿಲ್ಲ. 1988ರಲ್ಲಿ ಮತ್ತೆ ಬಿತ್ತು. 1992ರಲ್ಲಿ ಹಾರಿತು. 1993ರಲ್ಲಿ ಮೊದಲ ಪಿಎಸ್‌ಎಲ್‌ವಿಯೂ ವಿಫಲ. ಮುಂದೆ ಇಸ್ರೋ ಅತಿ ಹೆಚ್ಚು ಬಳಸಿದ ರಾಕೆಟ್ ಯಾವುದು ಅಂದರೆ, ಹೆಸರಿಸಬೇಕಾದ್ದು ಅದೇ ಪಿಎಸ್‌ಎಲ್‌ವಿಯನ್ನು.

ಇದನ್ನು ಹೇಳುವುದೇ ಗೌರವ ಅಂತ ನನ್ನ ಖಚಿತ ಅಭಿಪ್ರಾಯ. ಹಾರ ಹಾಕಿ, ಬೇಡ ಅನ್ನುವುದಿಲ್ಲ. ಮೌನಾಚರಣೆಯೂ ಇರಲಿ. ಪ್ರಶಸ್ತಿಗಳ ಪಟ್ಟಿಯನ್ನು ಮಾತ್ರ ಸೂಚನಾ ಫಲಕಕ್ಕೆ ಅಂಟಿಸಿಬಿಡಿ, ಮೈಕಿನಲ್ಲಿ ಓದಬೇಡಿ.

ಭಾಷಣವೋ ರಸಪ್ರಶ್ನೆಯೋ ಅನ್ನುವುದು ನನಗೆ ದೊಡ್ಡ ವಿಷಯವೇ ಅಲ್ಲ. ಮುಖ್ಯೋಪಾಧ್ಯಾಯರು ರಸಪ್ರಶ್ನೆಯೇ ಬೇಕು ಅಂದರೆ ಅದನ್ನೇ ಮಾಡಿ. ಆದರೆ ಆರ್ಯಭಟ ಹಾರಿದ ತಾರೀಖು ಕೇಳಬೇಡಿ. ಐದನೇ ದಿನ ವಿದ್ಯುತ್ ಹೋಯಿತು, ಉಪಗ್ರಹ ಕೈಗೆ ಸಿಗುವುದಿಲ್ಲ, ನೀವಾಗಿದ್ದರೆ ಮೊದಲು ಏನು ಪರೀಕ್ಷಿಸುತ್ತಿದ್ದಿರಿ ಅಂತ ಕೇಳಿ. ಗುಂಪುಗುಂಪಾಗಿ ಕೂತು ಉತ್ತರ ಬರೆಯಲಿ. ಒಂದು ಪೀರಿಯಡ್ ಸಾಲುವುದಿಲ್ಲ, ಎರಡು ಇಟ್ಟುಕೊಳ್ಳಿ.