ಏರ್ ರೈಫಲ್ ಅಲುಗಾಡಿದರೆ ಮೊದಲು ನೋಡಬೇಕಾದದ್ದು ಯಾವ ಕೀಲು?

ನೀವು ಕೇಳಿದ್ದು ಇದು: ಕೊಥ್ರೂಡಿನ ನಿಮ್ಮ ಮನೆಯಲ್ಲಿರುವ, ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ .177 (4.5 ಮಿ.ಮೀ.) ಏರ್ ರೈಫಲ್ ಅನ್ನು ಅಲುಗಾಡಿಸಿದರೆ ಮರಕ್ಕೂ ಲೋಹಕ್ಕೂ ನಡುವೆ ಕಟಕಟ ಸದ್ದು ಬರುತ್ತದೆ, ಪೆಲೆಟ್ ಎಂಬ ಸಣ್ಣ ಗುಂಡುಗಳು ಚದುರಿ ಬೀಳುತ್ತಿವೆ. ಆದರೆ ಮೇಲಿನ ರಿಸೀವರ್ ಮತ್ತು ಕೆಳಗಿನ ರಿಸೀವರ್ (ರೈಫಲ್‌ನ ಒಡಲಿನ ಎರಡು ಭಾಗಗಳು) ನಡುವಿನ ಸಡಿಲಿಕೆಯಿಂದ ಗುರಿ ಕೆಡುವುದಿಲ್ಲ ಎಂದು ಅಮೆರಿಕದವರ ವಿಡಿಯೊ ಒಂದರಲ್ಲಿ ಕೇಳಿದ್ದೀರಿ. ಹಾಗಾದರೆ ಇದ್ದಂತೆಯೇ ಬಿಡಬಹುದೇ?

ಬಿಡಬೇಡಿ. ವಿಡಿಯೊದವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಯಂತ್ರದ ಮಾತು.

ನಾನು ಹುಬ್ಬಳ್ಳಿಯವನು. ಇಪ್ಪತ್ತೆರಡು ವರ್ಷಗಳಿಂದ ಪುಣೆಯ ಭೋಸರಿಯಲ್ಲಿ ಟೂಲ್‌ರೂಮ್ ಫಿಟರ್. ಮಗಳು ಶೂಟಿಂಗ್ ಕಲಿಯತೊಡಗಿದ ಮೇಲೆ ಅವಳ ಗೆಳತಿಯರ, ನೆರೆಯವರ ಏರ್ ರೈಫಲ್‌ಗಳು ನನ್ನ ಮೇಜಿಗೆ ಬರುತ್ತಿವೆ. 2024ರಲ್ಲಿ ಕೊಲ್ಲಾಪುರದ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನ ರೈಫಲ್ ಶೂಟಿಂಗ್‌ನಲ್ಲಿ ಕಂಚು ಗೆದ್ದ ನಂತರವಂತೂ ಅಟ್ಟದಲ್ಲಿ ಮಲಗಿದ್ದ ಹಳೆಯ ರೈಫಲ್‌ಗಳೆಲ್ಲ ಕೆಳಗಿಳಿದು ಬಂದವು. ಹೀಗೆ ಬಂದವುಗಳಲ್ಲಿ ಹೆಚ್ಚಿನವಕ್ಕೆ ಇದ್ದದ್ದು ನಿಮ್ಮ ರೈಫಲ್‌ನ ಕಾಯಿಲೆಯೇ.

ವಿಡಿಯೊದ ರೈಫಲ್ ಏಆರ್ ಮಾದರಿಯದು, ಅಂದರೆ ಅಮೆರಿಕದ ಏಆರ್-15ರ ವಂಶದ, ಗನ್‌ಪೌಡರಿನ ರೈಫಲ್. ನಮ್ಮ ಸೇನೆಗಾಗಿ 2019ರಲ್ಲಿ 72,400 ಸಿಗ್ 716 ರೈಫಲ್‌ಗಳ ಖರೀದಿ ಒಪ್ಪಂದವಾಯಿತಲ್ಲ, ಅದೂ ಇದೇ ವಂಶದ್ದು. ಅದರ ಮೇಲಿನ ಮತ್ತು ಕೆಳಗಿನ ಭಾಗಗಳನ್ನು ಮುಂದೊಂದು, ಹಿಂದೊಂದು ಪಿನ್ ಸೇರಿಸುತ್ತವೆ. ಸೈನಿಕ ಉಪಕರಣವಿಲ್ಲದೆ ಬಿಚ್ಚಿ ಒರೆಸಿಕೊಳ್ಳಲಿ ಎಂದು ಅಲ್ಲಿ ಒಂದಿಷ್ಟು ಸಡಿಲ ಬಿಟ್ಟಿರುತ್ತಾರೆ. ನಳಿಗೆ, ಅದರ ಹಿಂಬದಿಯನ್ನು ಮುಚ್ಚುವ ಬೋಲ್ಟ್, ಗುರಿಯ ದುರ್ಬೀನು ಮೂರೂ ಮೇಲಿನ ಭಾಗದಲ್ಲೇ ಕುಳಿತಿವೆ. ಕೆಳಗಿರುವುದು ಟ್ರಿಗರ್, ಮ್ಯಾಗಜಿನ್, ಹೆಗಲಿಗೊತ್ತುವ ಬಟ್. ಆದ್ದರಿಂದ ಕೆಳಭಾಗ ಕೂದಲೆಳೆಯಷ್ಟು ಅಲುಗಾಡಿದರೂ ನಳಿಗೆ ಮತ್ತು ದುರ್ಬೀನಿನ ಸಂಬಂಧ ಕದಲುವುದಿಲ್ಲ. ಆ ಸದ್ದು ಸಹಿಸದವರು ಹಿಂದಿನ ಪಿನ್ ಹಾಯುವ ಕಿವಿಯ ಬಳಿ ರಬ್ಬರಿನ ಬೆಣೆಯನ್ನೋ ಉಂಗುರವನ್ನೋ ಇಡುತ್ತಾರೆ. ಕೆಲವು ರೈಫಲ್‌ಗಳಲ್ಲಿ ಕೆಳಗಿನಿಂದ ಒತ್ತುವ ನೈಲಾನ್ ತುದಿಯ ಸ್ಕ್ರೂ ಮೊದಲೇ ಇರುತ್ತದೆ. ಅದರಿಂದ ಸಿಗುವುದು ಕೈಗೆ ನೆಮ್ಮದಿ, ಅಷ್ಟೇ.

ನಿಮ್ಮ ರೈಫಲ್‌ನಲ್ಲಿ ಗನ್‌ಪೌಡರ್ ಇಲ್ಲ, ಆದರೆ ಒದೆತ ಎರಡು ದಿಕ್ಕಿನದು. ಸ್ಪ್ರಿಂಗ್ ಬಿಡುಗಡೆಯಾಗಿ ಪಿಸ್ಟನ್ ಮುಂದಕ್ಕೆ ಚಿಮ್ಮುವಾಗ ರೈಫಲ್ ಹಿಂದೆ ಸರಿಯುತ್ತದೆ. ಪಿಸ್ಟನ್ ತುದಿ ಮುಟ್ಟಿ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಈ ಕುಲುಕಾಟ ಶುರುವಾಗಿರುತ್ತದೆ. ಲೋಹದ ಭಾಗ ಮರದೊಳಗೆ ಪ್ರತಿ ಸಲವೂ ಬೇರೆ ಜಾಗದಲ್ಲಿ ಕುಳಿತರೆ, ನೀವು ಎಷ್ಟೇ ಉಸಿರು ಬಿಗಿಹಿಡಿದರೂ ಪೆಲೆಟ್ ಒಂದೇ ಕಡೆ ಬೀಳದು. ಸ್ಕ್ರೂಗಳನ್ನು ಸಡಿಲಿಸುವುದೂ ಈ ಹಿಂದುಮುಂದಿನ ಎಳೆದಾಟವೇ.

ಕೆಲಸಕ್ಕೆ ಕೈಹಾಕುವ ಮೊದಲು ರೈಫಲ್ ಖಾಲಿ ಇದೆಯೇ, ಸ್ಪ್ರಿಂಗ್ ಬಿಟ್ಟುಕೊಂಡಿದೆಯೇ ಎಂದು ಎರಡು ಸಲ ನೋಡಿ. ಎಳೆದು ಕೂರಿಸಿದ ಸ್ಪ್ರಿಂಗ್ ಇಟ್ಟುಕೊಂಡು ಸ್ಕ್ರೂ ಮುಟ್ಟಬೇಡಿ. ಪರೀಕ್ಷೆಗೆಂದು ಪೆಲೆಟ್ ಇಲ್ಲದೆ ಹಾರಿಸಲೂ ಬೇಡಿ, ಪಿಸ್ಟನ್ ಸೀಲ್ ಹಾಳಾಗುತ್ತದೆ.

ಮುಂದಿನ ಕೈ ಹಿಡಿಯುವ ಜಾಗದಲ್ಲಿ, ಮರದ ಎಡಕ್ಕೊಂದು, ಬಲಕ್ಕೊಂದು ಸ್ಕ್ರೂ ಇರುತ್ತದೆ. ಟ್ರಿಗರ್ ಗಾರ್ಡ್‌ನ ಮುಂದೆ ಇನ್ನೊಂದು. ಮೂರನ್ನೂ ಬಿಚ್ಚಿ, ಎಣ್ಣೆಯ ಜಿಡ್ಡನ್ನು ಪೂರ್ತಿ ತೆಗೆದು, ಒಣಗಿಸಿ. ಸ್ಕ್ರೂ ಇದ್ದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ವಾಷರ್ ಮರದೊಳಗೆ ಹೂತುಹೋಗಿ, ಸುತ್ತಲೂ ನಾರು ಜಜ್ಜಿ ಹೊಳೆಯುತ್ತಿದ್ದರೆ ಈ ಹಿಂದೆ ಯಾರೋ ಅತಿಯಾಗಿ ಬಿಗಿದಿದ್ದಾರೆ ಎಂದರ್ಥ. ಆಗ ಸ್ಕ್ರೂ ಬಿಗಿಯಾದಂತೆ ಕಂಡರೂ ಅದರ ತುದಿ ಒಳಗಿನ ತಳ ಮುಟ್ಟಿ ನಿಂತಿರಬಹುದು, ತಲೆ ಮರವನ್ನು ಒತ್ತಿಯೇ ಇರುವುದಿಲ್ಲ. ಎಷ್ಟು ತಿರುಗಿಸಿದರೂ ಕಟಕಟ ನಿಲ್ಲದಿರುವುದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣ ಇದೇ. ವಾಷರ್ ಬದಲಿಸಿ ಇಲ್ಲವೇ ಒಂದು ವಾಷರ್ ಹೆಚ್ಚಿಗೆ ಹಾಕಿ. ರವಿವಾರ ಪೇಟೆಯ ಬೋಹರಿ ಆಳಿಗೆ ಹಳೆಯ ಸ್ಕ್ರೂ ಒಯ್ದು ತೋರಿಸಿದರೆ ಹಲ್ಲಿನ ವಾಷರ್ ಅಳತೆಗೆ ಸರಿಯಾಗಿ ಸಿಗುತ್ತದೆ.

ನಂತರ ಸ್ಕ್ರೂವಿನ ಎಳೆಗಳಿಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೇ ಹನಿ. ಕೆಂಪು ಬೇಡ, ಮುಂದೆ ಬಿಚ್ಚಲು ಕಾಯಿಸಬೇಕಾಗುತ್ತದೆ. ಮೂರನ್ನೂ ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ; ಸ್ಕ್ರೂಡ್ರೈವರ್ ಅನ್ನು ಮುಷ್ಟಿಯಿಂದಲ್ಲ, ಬೆರಳುಗಳಿಂದ ಹಿಡಿಯಿರಿ. ಮಗಳ ಮೊದಲ ರೈಫಲ್ ಅನ್ನು ನಾನು ಕಾರ್ಖಾನೆಯ ಕೈಯಲ್ಲಿ ಬಿಗಿದೆ. ಬಲಬದಿಯ ಸ್ಕ್ರೂ ಪಕ್ಕದಲ್ಲಿ ಮರ ಸಣ್ಣಗೆ ಸೀಳಿತು. ಆ ಸೀಳನ್ನು ಎಪಾಕ್ಸಿ ತುಂಬಿ ಮುಚ್ಚಿದೆ, ಆದರೆ ಅವಳು ಅದನ್ನು ಬೆರಳಿನಿಂದ ಸವರುತ್ತ ಸುಮ್ಮನೆ ಕುಳಿತಿದ್ದದ್ದು ನನಗೆ ಇನ್ನೂ ನೋವು ಕೊಡುತ್ತದೆ. ಮರ ಉಕ್ಕಲ್ಲ. ಪುಣೆಯ ಮಳೆಗಾಲದಲ್ಲಿ ಅದು ತೇವ ಕುಡಿದು ಉಬ್ಬುತ್ತದೆ, ದೀಪಾವಳಿಯ ನಂತರದ ಒಣ ಹವೆಯಲ್ಲಿ ಕುಗ್ಗುತ್ತದೆ. ಆಗಸ್ಟ್‌ನಲ್ಲಿ ಬಿಗಿದದ್ದನ್ನು ಡಿಸೆಂಬರ್‌ನಲ್ಲಿ ಮತ್ತೆ ನೋಡಲೇಬೇಕು.

ಥ್ರೆಡ್‌ಲಾಕರ್ ಒಂದು ದಿನ ಒಣಗಲಿ. ಆಮೇಲೆ ಪ್ರತಿ ಸ್ಕ್ರೂ ತಲೆಯಿಂದ ಪಕ್ಕದ ಮರದವರೆಗೆ ಬಿಳಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಐವತ್ತು ಪೆಲೆಟ್ ಹಾರಿಸಿ, ಗೆರೆ ತುಂಡಾಗಿದೆಯೇ ನೋಡಿ. ಸ್ಕ್ರೂ ತಿರುಗಿದ್ದರೆ ಗೆರೆಯ ಎರಡು ತುದಿಗಳು ಒಂದನ್ನೊಂದು ಬಿಟ್ಟು ನಿಂತಿರುತ್ತವೆ. ಊಹೆಗೆ ಜಾಗವೇ ಇಲ್ಲ.

ಇಷ್ಟಾದ ಮೇಲೂ ಚದುರಿದರೆ ನಳಿಗೆ ಮಡಚುವ ಕೀಲಿನ ಕಡೆಗೆ ಬನ್ನಿ. ನಿಮ್ಮ ರೈಫಲ್‌ನಲ್ಲಿ ನಿಜವಾಗಿ ಹೆದರಬೇಕಾದ ಜಾಗ ಇದು. ನೀವು ಪಿಸ್ಟನ್ ಇರುವ ಸಿಲಿಂಡರ್ ಮೇಲೆ ದುರ್ಬೀನು ಕೂರಿಸಿದ್ದೀರಿ, ನಳಿಗೆ ಇರುವುದು ಕೀಲಿನ ಆಚೆ. ಅಂದರೆ ಏಆರ್‌ನಲ್ಲಿ ಒಂದೇ ತುಂಡಿನ ಮೇಲಿದ್ದ ಎರಡು ವಸ್ತುಗಳು ನಿಮ್ಮಲ್ಲಿ ಎರಡು ತುಂಡುಗಳ ಮೇಲಿವೆ. ನಳಿಗೆ 40 ಸೆಂ.ಮೀ. ಉದ್ದವಿದೆ ಎಂದುಕೊಳ್ಳಿ. ಅದರ ತುದಿ ಪಕ್ಕಕ್ಕೆ ಬರೀ 0.2 ಮಿ.ಮೀ. ವಾಲಿದರೆ 10 ಮೀಟರಿನಲ್ಲಿ ಗುರಿ 5 ಮಿ.ಮೀ. ತಪ್ಪುತ್ತದೆ. ಪೆಲೆಟ್ಟೇ 4.5 ಮಿ.ಮೀ.; ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತರ ಚುಕ್ಕೆ 0.5 ಮಿ.ಮೀ. ಬರಿಗಣ್ಣಿನಿಂದ ಗುರಿ ನೋಡುವ ಹಿಂದಿನ ಸೈಟ್ ಕೂಡ ನಳಿಗೆಯ ಬುಡದ ಮೇಲೆಯೇ ಇರುವ ರೈಫಲ್ ಆಗಿದ್ದು, ದುರ್ಬೀನಿಲ್ಲದೆ ಹೊಡೆಯುವವರಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ.

ನಳಿಗೆ ಮುಚ್ಚಿಟ್ಟು, ಸ್ಟಾಕ್ (ಮರದ ಭಾಗ) ಅನ್ನು ತೊಡೆಯ ಮೇಲೆ ಒತ್ತಿಹಿಡಿದು, ನಳಿಗೆಯ ತುದಿಯನ್ನು ಎಡಬಲಕ್ಕೆ ಮೆಲ್ಲಗೆ ತಳ್ಳಿ. ಅಲುಗಾಟ ಬೆರಳಿಗೆ ತಿಳಿದರೆ ಕೀಲಿನ ಬೋಲ್ಟ್ ಬಿಗಿಯಬೇಕು. ಎಷ್ಟು ಬಿಗಿ? ಸ್ಪ್ರಿಂಗ್ ಎಳೆದು ಕೂರಿಸಿದ ಮೇಲೆ, ಪೆಲೆಟ್ ಹಾಕದೆ, ನಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅರ್ಧಕ್ಕೆ ತನ್ನಿ. ಅದು ತನ್ನ ತೂಕಕ್ಕೆ ಜಾರದೆ ನಿಂತರೆ ಸಾಕು. ಟ್ರಿಗರ್ ಹತ್ತಿರ ಬೆರಳು ಸುಳಿಯಬಾರದು. ತೆರೆದ ನಳಿಗೆ ಹಠಾತ್ತನೆ ಮುಚ್ಚಿಕೊಂಡರೆ ಬೆರಳು ಉಳಿಯುವುದಿಲ್ಲ. ಬಿಗಿಯುವ ಮುನ್ನ ಪೆಲೆಟ್ ಹಾಕಿ, ನಳಿಗೆ ಮುಚ್ಚಿ, ಗುರಿಹಲಗೆಗೆ ಹಾರಿಸಿ ಸ್ಪ್ರಿಂಗನ್ನು ಮತ್ತೆ ಬಿಡಿಸಿಕೊಳ್ಳಿ. ಬೋಲ್ಟ್ ಬದಲು ಬಡಿದು ಕೂರಿಸಿದ ಪಿನ್ ಇದ್ದರೆ ನೀವೇ ಸುತ್ತಿಗೆ ಹಿಡಿಯಬೇಡಿ. ಅದರ ಬದಿಗಳಿಗೆ ಅಳತೆಯ ತೆಳು ವಾಷರ್ ಬೇಕಾಗುತ್ತದೆ, ಅದು ಬಲ್ಲವರ ಕೆಲಸ.

ಐವತ್ತು ಪೆಲೆಟ್ ಆದ ಮೇಲೆ ಮೂರು ಗೆರೆಗಳ ಫೋಟೊ ಹಾಕಿ, ಜೊತೆಗೆ ಕೀಲಿನಲ್ಲಿರುವುದು ಬೋಲ್ಟೋ ಪಿನ್ನೋ ತಿಳಿಸಿ. ಮುಂದಿನದನ್ನು ಅಲ್ಲಿಂದ ನೋಡೋಣ.